ಚೀಲಕ್ಕೆ ಒಂದು ಕಿಲೋ: ಬೆಳಗಾವಿಯ ಕೆಂಪು ಕೆಸರು, ವಿಜಯಪುರದ ಲೆಕ್ಕ

ವಿಜಯಪುರದ ಯಾವುದೇ ಸಿಮೆಂಟ್ ಅಂಗಡಿಗೆ ಹೋಗಿ ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟಿನ, ಚೀಲವೊಂದನ್ನು ತಿರುವಿ ನೋಡಿ. ತೂಕ 50 ಕಿಲೋ, ಐಎಸ್ 1489, ತಯಾರಾದ ವಾರ, ಜೊತೆಗೆ ಹಾರುಬೂದಿ ಶೇಕಡಾ ಇಷ್ಟು ಎಂಬ ಸಾಲು ಅಚ್ಚಾಗಿರುತ್ತದೆ. ಬೂದಿಯ ಪ್ರಮಾಣವನ್ನು ಚೀಲದ ಮೇಲೆ ಹೇಳಲೇಬೇಕು ಎಂಬುದು ಮಾನಕದ ನಿಯಮ. ಅದೇ ಚೀಲದಲ್ಲಿ ಅಲ್ಯೂಮಿನಾ ಕಾರ್ಖಾನೆಯ ಕೆಂಪು ಕೆಸರು ಎಷ್ಟಿದೆ ಎಂದು ಎಲ್ಲಿಯೂ ಬರೆದಿರುವುದಿಲ್ಲ. ಬರೆಯದಿರುವುದಕ್ಕೆ ಕಾರಣವಿದೆ: ಹಾರುಬೂದಿಯನ್ನು ಕೊನೆಯಲ್ಲಿ ಕ್ಲಿಂಕರ್ ಜೊತೆ, ಅಂದರೆ ಗೂಡಿನಲ್ಲಿ ಸುಟ್ಟು ತೆಗೆದ ಉಂಡೆಗಳ ಜೊತೆ, ಬೆರೆಸುತ್ತಾರೆ, ಅದು ಬೂದಿಯಾಗಿಯೇ ಉಳಿಯುತ್ತದೆ. ಕೆಂಪು ಕೆಸರು ಹೋಗುವುದು ಮೊದಲಿಗೇ, ಸುಣ್ಣದ ಕಲ್ಲಿನ ಪುಡಿಯ ಜೊತೆ ಗೂಡಿನೊಳಗೆ. 1,450 ಡಿಗ್ರಿಯಲ್ಲಿ ಸುಟ್ಟ ಮೇಲೆ ಅದು ಕೆಸರಲ್ಲ, ಕ್ಲಿಂಕರ್.

ಎಷ್ಟು ಹೋಗುತ್ತದೆ ಎಂಬುದನ್ನು ನಾವೇ ಕೂಡಿ ಕಳೆದು ನೋಡಬಹುದು. ಒಂದು ಟನ್ ಕ್ಲಿಂಕರ್ ಮಾಡಲು ಸುಮಾರು ಒಂದೂವರೆ ಟನ್ ಕಚ್ಚಾ ಪುಡಿ ಬೇಕು. 50 ಕಿಲೋ ಪಿಪಿಸಿಯಲ್ಲಿ ಕ್ಲಿಂಕರ್ ಶೇ 65 ಎಂದು ಹಿಡಿದರೆ 32.5 ಕಿಲೋ, ಅದಕ್ಕೆ ಬೇಕಾದ ಕಚ್ಚಾ ಪುಡಿ 48.75 ಕಿಲೋ. ಇದರಲ್ಲಿ ಶೇ 2ರಷ್ಟು ಕೆಂಪು ಕೆಸರು ಇದ್ದರೆ 975 ಗ್ರಾಂ. ಅಂದರೆ ಕೆಸರು ಬಳಸುವ ಕಾರ್ಖಾನೆಯ ಚೀಲವಾದರೆ, ಒಂದು ಚೀಲಕ್ಕೆ ಹೆಚ್ಚುಕಡಿಮೆ ಒಂದು ಕಿಲೋ. ಗೌಂಡಿಗಳ ಬಾಯಿಲೆಕ್ಕದಂತೆ ಸಾವಿರ ಚದರಡಿ ಆರ್‌ಸಿಸಿ ಮನೆಗೆ 400 ಚೀಲ ಹಿಡಿದರೆ, ಆ ಮನೆಯ ಗೋಡೆ ಮತ್ತು ಸ್ಲ್ಯಾಬಿನಲ್ಲಿ 390 ಕಿಲೋ ಕೆಂಪು ಕೆಸರು ಅಡಗಿರುತ್ತದೆ. ಮನೆಯವರಿಗೆ ಅದರಿಂದ ಲಾಭವೂ ಇಲ್ಲ, ತೊಂದರೆಯೂ ಇಲ್ಲ.

ಈ ಕೆಸರು ಹುಟ್ಟುವುದು ಬೆಳಗಾವಿಯ ಯಮನಾಪುರದಲ್ಲಿ. 1960ರ ದಶಕದ ಕೊನೆಯಲ್ಲಿ ಇಂಡಿಯನ್ ಅಲ್ಯೂಮಿನಿಯಂ ಕಂಪನಿ, ಜನರ ಬಾಯಲ್ಲಿ ಇಂಡಾಲ್, ಕಟ್ಟಿದ ಕಾರ್ಖಾನೆ ಅದು. 2000ದಲ್ಲಿ ಇಂಡಾಲ್ ಹಿಂಡಾಲ್ಕೊ ಕೈಗೆ ಬಂತು. ಕೊಲ್ಹಾಪುರ ಜಿಲ್ಲೆಯ ಘಟ್ಟದ ಮೇಲಿನ ಬಾಕ್ಸೈಟ್ ಲಾರಿಗಳಲ್ಲಿ ಇಲ್ಲಿಗೆ ಇಳಿಯುತ್ತದೆ. ಅದನ್ನು ಅರೆದು, ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಅಲ್ಯೂಮಿನಾ ಕರಗುತ್ತದೆ; ಕರಗದೆ ಉಳಿದದ್ದು ಕೆಂಪು ಕೆಸರು. ಕಾರ್ಲ್ ಜೋಸೆಫ್ ಬೇಯರ್ ಎಂಬ ರಸಾಯನಶಾಸ್ತ್ರಜ್ಞ 1880ರ ದಶಕದ ಕೊನೆಯಲ್ಲಿ ಕಂಡುಕೊಂಡ ಈ ವಿಧಾನ ಇಂದಿಗೂ ಬದಲಾಗಿಲ್ಲ. ಬೆಲೆಬಾಳುವುದು ಬಿಳಿ ಪುಡಿಯಾಗಿ ಹೊರಬರುತ್ತದೆ, ಅದಕ್ಕಿಂತ ತುಸು ಹೆಚ್ಚೇ ತೂಕದ ಕೆಂಪು ಅಂಗಳದಲ್ಲಿ ಬೀಳುತ್ತದೆ. ಒಂದು ಟನ್ ಅಲ್ಯೂಮಿನಾಕ್ಕೆ 1ರಿಂದ 1.5 ಟನ್ ಕೆಸರು ಎಂಬುದು ಜಗತ್ತಿನ ರೂಢಿ.

ಬೆಳಗಾವಿ ಘಟಕದ ಸಾಮರ್ಥ್ಯ ವರ್ಷಕ್ಕೆ ಮೂರೂವರೆ ಲಕ್ಷ ಟನ್ ಅಲ್ಯೂಮಿನಾದ ಆಸುಪಾಸು. ಟನ್ನಿಗೆ 1.2 ಟನ್ ಕೆಸರು ಎಂದು ಹಿಡಿದರೆ ವರ್ಷಕ್ಕೆ 4.2 ಲಕ್ಷ ಟನ್. ಇದು ಒಣ ತೂಕ. ಫಿಲ್ಟರಿನಿಂದ ಇಳಿಯುವ ಹಸಿ ಮುದ್ದೆಯಲ್ಲಿ ಕಾಲುಭಾಗ ನೀರೇ ಇದ್ದರೆ, ಸಾಗಿಸಬೇಕಾದ ತೂಕ 5.6 ಲಕ್ಷ ಟನ್ ಆಗುತ್ತದೆ. ದಿನಕ್ಕೆ 1,534 ಟನ್. ದೊಡ್ಡ ಟಿಪ್ಪರಿನ ಹೊರೆಯನ್ನು 30 ಟನ್ ಎಂದಿಟ್ಟರೆ ದಿನಕ್ಕೆ 51 ಗಾಡಿ, ವರ್ಷದ 365 ದಿನವೂ. ಸಾಗಿಸದೆ ಅಲ್ಲೇ ಬಿಟ್ಟರೆ, ಘನ ಮೀಟರಿಗೆ ಒಂದೂವರೆ ಟನ್‌ನಂತೆ 2.8 ಲಕ್ಷ ಘನ ಮೀಟರ್. 10 ಮೀಟರ್ ಎತ್ತರಕ್ಕೆ ಒಟ್ಟಿದರೂ ವರ್ಷಕ್ಕೆ 7 ಎಕರೆ ಹೊಸ ಜಾಗ ಬೇಕು.

ಜಾಗವೊಂದೇ ತಾಪತ್ರಯವಲ್ಲ. 2010ರ ಅಕ್ಟೋಬರ್ 4ರಂದು ಹಂಗೇರಿಯ ಆಯ್ಕಾದಲ್ಲಿ ಕೆಸರಿನ ಕಟ್ಟೆ ಒಡೆದು ಹಳ್ಳಿಗಳ ಮೇಲೆ ಹರಿಯಿತು, 10 ಜನ ಸತ್ತರು. 2019ರ ಏಪ್ರಿಲ್‌ನಲ್ಲಿ ಜಾರ್ಖಂಡದ ಮುರಿಯಲ್ಲಿ ಕೆಸರಿನ ದಿಬ್ಬವೇ ಕುಸಿಯಿತು. ಬೆಳಗಾವಿಯಲ್ಲಿ ಕೊಳ ಕಟ್ಟಿ ನಿಲ್ಲಿಸುವುದರ ಬದಲು ನೀರು ಹಿಂಡಿ ಒಣದಾಗಿ ಒಟ್ಟುವ ಪದ್ಧತಿಯನ್ನು ಇಂಡಾಲ್ ಕಾಲದಲ್ಲೇ ಹಿಡಿದರು. ಅದು ಒಳ್ಳೆಯ ಕೆಲಸ. ಆದರೆ ಒಣ ದಿಬ್ಬವೂ ದಿಬ್ಬವೇ.

ಭಾರತದಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಟನ್, ಜಗತ್ತಿನಲ್ಲಿ ಸುಮಾರು 16 ಕೋಟಿ ಟನ್ ಕೆಂಪು ಕೆಸರು ಬೀಳುತ್ತದೆ. ಜಗತ್ತಿನ ಲೆಕ್ಕದಲ್ಲಿ ಮರುಬಳಕೆ ಶೇಕಡಾ ಮೂರು-ನಾಲ್ಕನ್ನು ದಾಟಿಲ್ಲ. ನಮ್ಮಲ್ಲಿ ಚಿತ್ರ ಬೇರೆಯಾದದ್ದು ಸಿಮೆಂಟಿನಿಂದ. 2020ರ ಅಕ್ಟೋಬರ್‌ನಲ್ಲಿ ಹಿಂಡಾಲ್ಕೊ ಮತ್ತು ಸಿಮೆಂಟ್ ಕಂಪನಿ ಅಲ್ಟ್ರಾಟೆಕ್ ಒಪ್ಪಂದ ಪ್ರಕಟಿಸಿದವು: ಏಳು ರಾಜ್ಯಗಳ 14 ಸಿಮೆಂಟ್ ಕಾರ್ಖಾನೆಗಳಿಗೆ ವರ್ಷಕ್ಕೆ 12 ಲಕ್ಷ ಟನ್ ಕೆಸರು. ಎಲ್ಲ ಸಿಮೆಂಟ್ ಕಂಪನಿಗಳೂ ಸೇರಿ 40 ಕಾರ್ಖಾನೆಗಳಿಗೆ ತಿಂಗಳಿಗೆ 2.5 ಲಕ್ಷ ಟನ್ ಕಳಿಸುತ್ತಿದ್ದೇವೆ ಎಂದು ಹಿಂಡಾಲ್ಕೊ ಆಗ ಹೇಳಿತು. ಆ ವೇಗದಲ್ಲಿ ವರ್ಷಕ್ಕೆ 30 ಲಕ್ಷ ಟನ್, ದೇಶದ ಕೆಸರಿನ ಮೂರನೇ ಒಂದು ಭಾಗ. ಹಿಂಡಾಲ್ಕೊ, ಅಲ್ಟ್ರಾಟೆಕ್ ಎರಡೂ ಆದಿತ್ಯ ಬಿರ್ಲಾ ಮನೆಯ ಕಂಪನಿಗಳು, ಹಾಗಾಗಿ ಒಬ್ಬರ ಕಸ ಇನ್ನೊಬ್ಬರ ಕಚ್ಚಾಮಾಲು ಆಗುವುದು ಸುಲಭವಾಯಿತು ಎನ್ನಬಹುದು. ಆಗಿದ್ದಂತೂ ನಿಜ.

ಗೂಡಿಗೆ ಶೇ 2ರಿಂದ 3ಕ್ಕಿಂತ ಹೆಚ್ಚು ಯಾಕೆ ಹಾಕುವುದಿಲ್ಲ? ಇಲ್ಲಿ ರಸಾಯನವೇ ಗೆರೆ ಎಳೆಯುತ್ತದೆ. ಬೆಳಗಾವಿ ಕೆಸರಿನಲ್ಲಿ ಕಬ್ಬಿಣದ ಆಕ್ಸೈಡ್ ಸುಮಾರು ಶೇ 44, ಸೋಡಾ ಶೇ 4ರ ಆಸುಪಾಸು. ಉಳಿದದ್ದು ಅಲ್ಯೂಮಿನಾ, ಸಿಲಿಕಾ ಮತ್ತು ಘಟ್ಟದ ಬಾಕ್ಸೈಟಿಗೆ ವಿಶೇಷವಾದ ಟೈಟಾನಿಯಂ. ಕ್ಲಿಂಕರಿಗೆ ಕಬ್ಬಿಣ ಬೇಕು, ಶೇ 3-4ರಷ್ಟು. ಇಷ್ಟು ದಿನ ಅದಕ್ಕಾಗಿ ಜಂಬಿಟ್ಟಿಗೆ ಮಣ್ಣು ಅಗೆದು ತರುತ್ತಿದ್ದರು. ಶೇ 2 ಕೆಸರು ಹಾಕಿದರೆ ಟನ್ ಕ್ಲಿಂಕರಿಗೆ 30 ಕಿಲೋ ಕೆಸರು, ಅದರಲ್ಲಿ 13 ಕಿಲೋ ಕಬ್ಬಿಣದ ಆಕ್ಸೈಡ್, ಅಂದರೆ ಶೇ 1.3. ಸುಣ್ಣದ ಕಲ್ಲು ಮತ್ತು ಜೇಡಿಯಲ್ಲಿರುವ ಕಬ್ಬಿಣದ ಜೊತೆ ಇದು ಸರಿಹೊಂದುತ್ತದೆ. ಸೋಡಾ 1.2 ಕಿಲೋ, ಅಂದರೆ ಶೇ 0.12. ಕಡಿಮೆ ಕ್ಷಾರದ ಸಿಮೆಂಟಿಗೆ ಎಲ್ಲ ಕ್ಷಾರ ಸೇರಿ ಮಿತಿ ಶೇ 0.6. ಹುಮ್ಮಸ್ಸಿನಲ್ಲಿ ಶೇ 10 ಹಾಕಿದಿರೋ, ಕೆಸರೊಂದೇ ಆ ಮಿತಿಯನ್ನು ತುಂಬಿಬಿಡುತ್ತದೆ. ಕಬ್ಬಿಣವೂ ಶೇ 6.6 ಆಗಿ ಕ್ಲಿಂಕರಿನ ಹದ ಕೆಡುತ್ತದೆ. ಕ್ಷಾರ ಹೆಚ್ಚಾದರೆ ಗೂಡಿನ ಒಳಮೈಗೆ ಬಳೆಬಳೆಯಾಗಿ ಕಟ್ಟಿಕೊಳ್ಳುತ್ತದೆ, ಗೂಡು ನಿಲ್ಲಿಸಬೇಕಾಗುತ್ತದೆ.

ಹಾಗಾದರೆ ಬೆಳಗಾವಿಯ 4.2 ಲಕ್ಷ ಟನ್ ಒಣ ಕೆಸರು ಖಾಲಿಯಾಗಲು ಎಷ್ಟು ಸಿಮೆಂಟ್ ಬೇಕು? ಶೇ 2ರಂತೆ 210 ಲಕ್ಷ ಟನ್ ಕಚ್ಚಾ ಪುಡಿ, 140 ಲಕ್ಷ ಟನ್ ಕ್ಲಿಂಕರ್, ಪಿಪಿಸಿಯಲ್ಲಿ ಹೇಳಿದರೆ 43 ಕೋಟಿ ಚೀಲ. ಮನೆಗಳಲ್ಲಿ ಎಣಿಸಿದರೆ ದಿನಕ್ಕೆ ಸುಮಾರು 3,000 ಮನೆ. ವಿಜಯಪುರ, ಬಾಗಲಕೋಟೆ ಎರಡು ಜಿಲ್ಲೆಗಳಷ್ಟೇ ಅಲ್ಲ, ಇಡೀ ಉತ್ತರ ಕರ್ನಾಟಕ ಕಟ್ಟಿದರೂ ಇದು ಸವೆಯುವುದಿಲ್ಲ. ಒಂದೆರಡು ಗೂಡುಗಳಿಂದ ಆಗುವ ಮಾತಲ್ಲ. ವರ್ಷಕ್ಕೆ 30 ಲಕ್ಷ ಟನ್ ಕ್ಲಿಂಕರ್ ಮಾಡುವ ದೊಡ್ಡ ಕಾರ್ಖಾನೆಗಳು ನಾಲ್ಕೈದು ಬೇಕು.

ಅಂಥ ಕಾರ್ಖಾನೆಗಳು ನಮ್ಮ ಸುತ್ತಲೇ ಇವೆ ಎಂಬುದು ಈ ಭಾಗದ ಅದೃಷ್ಟ. ಗೋಕಾಕ ಕಡೆಯ ಯಾದವಾಡ, ಮುಧೋಳ ತಾಲ್ಲೂಕಿನ ಮುದ್ದಾಪುರ, ಅತ್ತ ಕಲಬುರಗಿ ಜಿಲ್ಲೆಯ ಮಳಖೇಡ, ಸೇಡಂ, ವಾಡಿ. ಆದರೆ ಇಲ್ಲಿಂದ ಮುಂದೆ ಲೆಕ್ಕ ರಸಾಯನದ ಕೈಬಿಟ್ಟು ಲಾರಿ ಬಾಡಿಗೆಯ ಕೈಗೆ ಬರುತ್ತದೆ. ಕೆಂಪು ಕೆಸರಿನ ಮರುಬಳಕೆ ಎಂದರೆ ಬಹುಪಾಲು ಸಾಗಾಟದ ಪ್ರಶ್ನೆ. ಸಭೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಬಾಡಿಗೆಯ ವಿಷಯದಲ್ಲಿ ವಿಜ್ಞಾನ ಕಾಣುವುದಿಲ್ಲ.

ಟನ್ನಿಗೆ ಕಿಲೋಮೀಟರಿಗೆ ₹3 ಎಂದು ಹಿಡಿಯೋಣ. ಡೀಸೆಲ್ ದರ ಏರಿದರೆ ಇದೂ ಏರುತ್ತದೆ, ಹೋಲಿಕೆಗೆ ಇಷ್ಟು ಸಾಕು. ಬೆಳಗಾವಿಯಿಂದ ಯಾದವಾಡ, ಮುದ್ದಾಪುರಗಳಿರುವ ಲೋಕಾಪುರದ ಆಸುಪಾಸಿನ ಗೂಡಿಗೆ ಸುಮಾರು 120 ಕಿ.ಮೀ.; ಹಸಿ ಟನ್ನಿಗೆ ₹360. ಗೂಡಿಗೆ ಉಪಯೋಗ ಬರುವುದು ಒಣ ಭಾಗ ಮಾತ್ರ, ಹಾಗಾಗಿ ಒಣ ಟನ್ನಿಗೆ ₹480. ವಿಜಯಪುರಕ್ಕೆ ಸುಮಾರು 210 ಕಿ.ಮೀ.; ಹಸಿ ₹630, ಒಣ ₹840. ಮಳಖೇಡದ ಕಡೆಗೆ 420 ಕಿ.ಮೀ. ಎಂದರೆ ಹಸಿ ₹1,260, ಒಣ ₹1,680. 30 ಟನ್ ಹೊತ್ತ ಪ್ರತಿ ಟಿಪ್ಪರೂ ಏಳೂವರೆ ಟನ್ ನೀರಿಗೆ ಬಾಡಿಗೆ ಕೊಡುತ್ತಿರುತ್ತದೆ.

ಈ ನೀರಿನ ಬಾಬತ್ತನ್ನು ಹಗುರವಾಗಿ ಬಿಡುವಂತಿಲ್ಲ. ತೇವವನ್ನು ಶೇ 25ರಿಂದ ಶೇ 15ಕ್ಕೆ ಇಳಿಸಿದರೆ, ಒಂದು ಒಣ ಟನ್ನಿಗಾಗಿ ಹೊರಬೇಕಾದ ತೂಕ 1.33 ಟನ್‌ನಿಂದ 1.18 ಟನ್‌ಗೆ ಬರುತ್ತದೆ. 420 ಕಿ.ಮೀ. ದಾರಿಯಲ್ಲಿ ಟನ್ನಿಗೆ ₹198 ಉಳಿತಾಯ. ವರ್ಷದ ಸರಕೆಲ್ಲ ಆ ದಾರಿಯಲ್ಲೇ ಹೋದರೆ ₹8.3 ಕೋಟಿ. ಒತ್ತಡದ ಫಿಲ್ಟರ್ ಹಾಕುವ ಖರ್ಚು, ಬಿಸಿಲಿಗೆ ಹರಡಿ ಒಣಗಿಸುವ ಕೂಲಿ ಇವನ್ನೆಲ್ಲ ಈ ₹8.3 ಕೋಟಿಯ ಎದುರು ಇಟ್ಟು ನೋಡಬೇಕು. ಹಸಿ ಕೆಸರಿನ ಇನ್ನೊಂದು ರಗಳೆ ಕಣ್ಣಿಗೆ ಕಾಣುವಂಥದ್ದು: ಟಿಪ್ಪರಿನ ತೊಟ್ಟಿ ಪೂರಾ ಎತ್ತಿದರೂ ತಳಕ್ಕೆ, ಮೂಲೆಗೆ ಅಂಟಿದ್ದು ಬೀಳುವುದಿಲ್ಲ. ಸಲಿಕೆ ಹಿಡಿದು ಕೆರೆಯಬೇಕು. ಮಳೆಗಾಲದಲ್ಲಿ ಗೂಡಿನ ಹಾಪರಿನಲ್ಲೂ ಇದೇ ಕಥೆ. ಅದೇ ಕೆಸರು ಪೂರ್ತಿ ಒಣಗಿದರೆ ಹಿಟ್ಟಿನಂತೆ ಹಾರುತ್ತದೆ. ಆದ್ದರಿಂದ ಹದವಾದ ತೇವ ಉಳಿಸಿ, ಮೇಲೆ ತಾಡಪಾಲು ಬಿಗಿದೇ ಸಾಗಿಸಬೇಕು.

ರೈಲು ಸಿಕ್ಕರೆ ಲೆಕ್ಕ ಇಳಿಯುತ್ತದೆ. 58 ವ್ಯಾಗನ್‌ಗಳ ಒಂದು ರೇಕ್ ಸುಮಾರು 3,900 ಟನ್ ಹೊರುತ್ತದೆ, 130 ಟಿಪ್ಪರಿನ ಹೊರೆ. ದೂರದ ಕಲಬುರಗಿ ಕಡೆಗೆ ರೇಕ್, ಹತ್ತಿರದ ಲೋಕಾಪುರದ ಕಡೆಗೆ ಲಾರಿ ಎಂಬುದು ಯಾರಾದರೂ ಹೇಳುವ ವಿಂಗಡಣೆ. ಹತ್ತಿರದ ದಾರಿಯಲ್ಲಿ ರಿಟರ್ನ್ ಲೋಡ್ ಹೊಂದಿಸಿದರೆ ಇನ್ನೂ ಅಗ್ಗ: ಸಿಮೆಂಟ್ ಹೊತ್ತು ಬೆಳಗಾವಿ, ಗೋವೆ ಕಡೆ ಹೋದ ಗಾಡಿ ಬರಿದೇ ಮರಳುವ ಬದಲು ಕೆಸರು ತಂದರೆ ಬಾಡಿಗೆ ಅರ್ಧಕ್ಕೆ ಇಳಿಯಬಹುದು. ತೊಡಕೆಂದರೆ ಚೀಲ ಹೊರುವ ಲಾರಿಗೆ ಎತ್ತುವ ತೊಟ್ಟಿ ಇರುವುದಿಲ್ಲ, ಕೆಸರು ಹೊತ್ತ ತಳವನ್ನು ತೊಳೆಯದೆ ಅದರ ಮೇಲೆ ಸಿಮೆಂಟ್ ಚೀಲ ಪೇರಿಸುವಂತೆಯೂ ಇಲ್ಲ.

ಇನ್ನು ನಮ್ಮೂರ ಪ್ರಶ್ನೆಗೆ ಬರೋಣ. ಕೆಂಪು ಕೆಸರನ್ನು ರಸ್ತೆಗೆ ತುಂಬಬಹುದು ಎಂಬ ಮಾತು ಆಗಾಗ ಕೇಳುತ್ತದೆ. ತುಂಬಲೂಬಹುದು, ದಮ್ಮಸ್ಸು ಮಾಡಿದರೆ ಗಟ್ಟಿಯಾಗಿ ಕೂರುತ್ತದೆ. ನಮ್ಮ ಎರಡು ರಸ್ತೆಗಳನ್ನೇ ತೆಗೆದುಕೊಳ್ಳಿ: ವಿಜಯಪುರದಿಂದ ಅಥಣಿ ರಸ್ತೆಯಲ್ಲಿ ತಿಕೋಟ ಸುಮಾರು 20 ಕಿ.ಮೀ., ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರ ಸುಮಾರು 25 ಕಿ.ಮೀ. ಎರಿ ಭೂಮಿಯಲ್ಲಿ ರಸ್ತೆ ಎಂದರೆ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಡಾಂಬರಿನ ಅಂಚು ಸೀಳುವುದು ನಾವು ನೋಡುತ್ತಲೇ ಬಂದ ಸಂಗತಿ. ಹಾಗಾಗಿ ಕೆಳಗೆ ಬೇರೆ ಮಣ್ಣು ತುಂಬಿ ಏರಿ ಎತ್ತರಿಸಲೇಬೇಕು.

ಮೇಲೆ 12 ಮೀಟರ್ ಅಗಲ, ಒಂದು ಮೀಟರ್ ಎತ್ತರ, ಇಬ್ಬದಿಗೆ ಒಂದಕ್ಕೆರಡರ ಇಳಿಜಾರು ಎಂದು ಹಿಡಿದರೆ ಕಿಲೋಮೀಟರಿಗೆ 14,000 ಘನ ಮೀಟರ್ ತುಂಬು ಬೇಕು. ಘನ ಮೀಟರಿಗೆ 1.6 ಟನ್‌ನಂತೆ 22,400 ಟನ್ ಒಣ ಕೆಸರು. ತಿಕೋಟದವರೆಗಿನ 20 ಕಿ.ಮೀ.ಗೆ 4.48 ಲಕ್ಷ ಟನ್. ಬೆಳಗಾವಿಯ ಒಂದು ವರ್ಷದ ಕೆಸರೆಲ್ಲ ಈ ಒಂದೇ ರಸ್ತೆಯಲ್ಲಿ ಹೂತುಹೋಗುತ್ತದೆ! ಇಲ್ಲಿಗೇ ನಿಲ್ಲಿಸಿದರೆ ಭಾಷಣಕ್ಕೆ ಒಳ್ಳೆಯ ಅಂಕಿ. ಮುಂದಿನ ಸಾಲು ಹೀಗಿದೆ: ಒಣ ಟನ್ನಿಗೆ ₹840ರಂತೆ ಬಾಡಿಗೆಯೇ ಕಿಲೋಮೀಟರಿಗೆ ₹1.88 ಕೋಟಿ; 20 ಕಿ.ಮೀ.ಗೆ ₹37.6 ಕೋಟಿ. ಅದೇ ತುಂಬಿಗೆ ಹತ್ತಿರದ ಮಡ್ಡಿಯಿಂದ ಗರಸು ತಂದು, ಅಗೆತ, ರಾಯಲ್ಟಿ, ಸಾಗಾಟ ಎಲ್ಲ ಸೇರಿ ಘನ ಮೀಟರಿಗೆ ₹300 ಹಿಡಿದರೂ ಕಿಲೋಮೀಟರಿಗೆ ₹42 ಲಕ್ಷ. ನಾಲ್ಕೂವರೆ ಪಟ್ಟು ವ್ಯತ್ಯಾಸ. ನನ್ನ ದರಗಳನ್ನು ಅತ್ತಿತ್ತ ಎಳೆದಾಡಿ, ಬಾಡಿಗೆಯನ್ನು ಅರ್ಧ ಮಾಡಿದರೂ ಗರಸೇ ಗೆಲ್ಲುತ್ತದೆ.

ಗರಸು ಅಗೆದರೆ ಮಡ್ಡಿ ಹಾಳಾಗುತ್ತದೆ, ಅದೂ ನಿಜ. ಅದಕ್ಕೆ ಉತ್ತರ ಬೆಳಗಾವಿಯಲ್ಲಿಲ್ಲ, ನಮ್ಮ ಜಿಲ್ಲೆಯ ಕೂಡಗಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿದೆ. ಎನ್‌ಟಿಪಿಸಿಯ ಆ ಸ್ಥಾವರದ ಸಾಮರ್ಥ್ಯ 2,400 ಮೆಗಾವಾಟ್, 800ರ ಮೂರು ಘಟಕ. ಶೇ 70ರ ಹೊರೆಯಲ್ಲಿ ಓಡಿದರೆ ವರ್ಷಕ್ಕೆ 1,470 ಕೋಟಿ ಯೂನಿಟ್. ಯೂನಿಟ್ಟಿಗೆ 620 ಗ್ರಾಂ ಕಲ್ಲಿದ್ದಲು ಎಂದರೆ 91 ಲಕ್ಷ ಟನ್. ಅದರಲ್ಲಿ ಶೇ 35 ಬೂದಿ ಎಂದರೆ 32 ಲಕ್ಷ ಟನ್. ಬೆಳಗಾವಿ ಕೆಸರಿನ ಏಳೂವರೆ ಪಟ್ಟು ಬೂದಿ ವಿಜಯಪುರ ನಗರದಿಂದ 50 ಕಿ.ಮೀ. ಒಳಗೇ ಬೀಳುತ್ತದೆ. ಇದಕ್ಕೆ ಕಾನೂನಿನ ಬಲವೂ ಇದೆ. 2021ರ ಡಿಸೆಂಬರ್ 31ರ ಕೇಂದ್ರದ ಅಧಿಸೂಚನೆಯ ಪ್ರಕಾರ, ವಿದ್ಯುತ್ ಸ್ಥಾವರದಿಂದ 300 ಕಿ.ಮೀ. ಒಳಗಿನ ರಸ್ತೆ, ಏರಿ ಕಾಮಗಾರಿಗಳಲ್ಲಿ ಬೂದಿ ಬಳಸುವುದು ಕಡ್ಡಾಯ. ಬಳಸಿ ಎಂದು ಸ್ಥಾವರ ನೋಟಿಸ್ ಕೊಟ್ಟರೆ, ಸಾಗಾಟದ ಖರ್ಚನ್ನೂ ಅದೇ ಹೊತ್ತು ಕಾಮಗಾರಿ ಸ್ಥಳಕ್ಕೆ ಪುಕ್ಕಟೆ ಮುಟ್ಟಿಸಬೇಕು. ತಿಕೋಟ, ಬಬಲೇಶ್ವರ ಎರಡೂ ಆ ಸುತ್ತಳತೆಯೊಳಗೆ ಆರಾಮಾಗಿ ಬರುತ್ತವೆ. ಬಾಡಿಗೆ ಯಾರು ಕೊಡಬೇಕು ಎಂದು ಹೇಳುವ ಇಂಥ ನಿಯಮ ಕೆಂಪು ಕೆಸರಿಗೆ ಇಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅದನ್ನು ಹಾರುಬೂದಿಯ ಹಾಗೆಯೇ, ಪ್ರಮಾಣ ದೊಡ್ಡದು ಪರಿಣಾಮ ಸಣ್ಣದು ಎಂಬ ಪಂಕ್ತಿಯಲ್ಲಿ ಕೂರಿಸಿವೆ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನಿರ್ವಹಣೆಗೆ ಮಾರ್ಗಸೂಚಿ ತಂದಿತು.

ದುಡ್ಡಿನ ಮಾತು ಹಾಗಿರಲಿ, ಕೆಸರನ್ನು ಈ ನೆಲದಲ್ಲಿ ಸುರಿಯಬಾರದು ಎನ್ನಲು ನನಗೆ ಇನ್ನೂ ದೊಡ್ಡ ಕಾರಣ ಸೋಡಾ. ಒಂದು ಕಿಲೋಮೀಟರ್ ಏರಿಯ 22,400 ಟನ್ನಿನಲ್ಲಿ ಶೇ 4 ಎಂದರೆ 896 ಟನ್ ಸೋಡಾ. ಬಹುಪಾಲು ಖನಿಜದೊಳಗೆ ಬಿಗಿದುಕೊಂಡಿರುತ್ತದೆ, ನೀರಿಗೆ ಬಿಡುವುದು ಸ್ವಲ್ಪ. ಹತ್ತರಲ್ಲಿ ಒಂದು ಪಾಲು ಬಿಟ್ಟಿತೆಂದರೂ ಕಿಲೋಮೀಟರಿಗೆ 90 ಟನ್. ಹಸಿ ಕೆಸರಿನ ಪಿಎಚ್ 10ರಿಂದ 12.5ರವರೆಗೂ ಇರುತ್ತದೆ. ಬಬಲೇಶ್ವರದ ದಾರಿಯಲ್ಲಿ ಸಾರವಾಡದ ಬಳಿ ಡೋಣಿ ದಾಟುವವರಿಗೆ ಆ ನದಿಯ ನೀರಿನ ಉಪ್ಪು ರುಚಿಯನ್ನು ಹೇಳಿಕೊಡಬೇಕಿಲ್ಲ. ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳಲ್ಲಿ ಸವಳು-ಜವಳು ಬಂದು ಎಷ್ಟೋ ಎಕರೆ ಬಿಳಿ ಬೂಸಲು ಹಿಡಿದಿದೆ. ತಿಕೋಟದ ದ್ರಾಕ್ಷಿ ಬೆಳೆಗಾರರು ಉಪ್ಪು ತಡೆಯುವ ಡಾಗ್‌ರಿಡ್ಜ್ ಬೇರಿನ ಮೇಲೆ ಥಾಮ್ಸನ್ ಕಸಿ ಕಟ್ಟುವುದು, ಹೊಲಕ್ಕೆ ಜಿಪ್ಸಂ ಚೆಲ್ಲುವುದು ಎಲ್ಲ ಇದೇ ಸೋಡಿಯಂ ಜೊತೆಗಿನ ಗುದ್ದಾಟ. ಬೆಳೆಗಾರರು ದುಡ್ಡು ಕೊಟ್ಟು ಹೊರಹಾಕುತ್ತಿರುವುದನ್ನು ರಸ್ತೆಯ ಹೆಸರಿನಲ್ಲಿ ಬಾಡಿಗೆ ಕೊಟ್ಟು ಒಳತರುವುದು ಯಾವ ಜಾಣತನ? ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಮಣ್ಣಿನ ಹೊದಿಕೆ, ಇಳಿಜಾರಿಗೆ ಹುಲ್ಲು ಎಲ್ಲ ಮಾಡಿ ತಡೆಯಬಹುದು. ಅವೆಲ್ಲ ₹1.88 ಕೋಟಿಯ ಮೇಲಿನ ಖರ್ಚು.

ಇಟ್ಟಿಗೆಗೂ ಇದೇ ಮಾತು. ಸುಡುವ ಇಟ್ಟಿಗೆಯಲ್ಲಿ ಕೆಸರು ಬೆರೆಸಬಹುದು, ಬಣ್ಣವೂ ಚಂದ ಬರುತ್ತದೆ. ಹೆಚ್ಚಾದರೆ ಗೋಡೆಯ ಮೇಲೆ ಬಿಳಿ ಉಪ್ಪು ಅರಳುತ್ತದೆ. ಬೆಳಗಾವಿಯ ಪಕ್ಕದ ಭಟ್ಟಿಗಳಿಗೆ ಸರಿ, 210 ಕಿ.ಮೀ. ತಂದು ಇಟ್ಟಿಗೆ ಸುಡುವುದು ಕೂಡಿಬರುವ ವ್ಯವಹಾರವಲ್ಲ. ಕೆಸರಿನ ಟೈಟಾನಿಯಂ, ಸ್ಕ್ಯಾಂಡಿಯಂ ತೆಗೆಯುವ ಬಗ್ಗೆ ನಾಗಪುರದ ಜವಾಹರಲಾಲ್ ನೆಹರೂ ಅಲ್ಯೂಮಿನಿಯಂ ಸಂಶೋಧನಾ ಕೇಂದ್ರದಂಥ ಕಡೆ ಕೆಲಸ ನಡೆದಿದೆ. ಸಿಕ್ಕರೆ ಒಳ್ಳೆಯದೇ. ಆದರೆ ಅವನ್ನು ತೆಗೆದ ಮೇಲೂ ತೂಕದಲ್ಲಿ ಬಹುಭಾಗ ಕೆಸರಾಗಿಯೇ ಉಳಿಯುತ್ತದೆ, ಅದಕ್ಕೂ ಗೂಡೇ ಗತಿ.

ಹಾಗಾಗಿ ನನ್ನ ತೀರ್ಮಾನ ಇದು: ಬೆಳಗಾವಿಯ ಕೆಸರು ಗೂಡಿಗೆ ಹೋಗಲಿ, ವಿಜಯಪುರದ ರಸ್ತೆಗೆ ಕೂಡಗಿಯ ಬೂದಿ ಬರಲಿ. ತಿಕೋಟ, ಬಬಲೇಶ್ವರ ರಸ್ತೆಗಳ ಮುಂದಿನ ಅಗಲೀಕರಣದ ಅಂದಾಜುಪಟ್ಟಿ ಮಾಡುವಾಗ ಲೋಕೋಪಯೋಗಿ ಇಲಾಖೆ ಮತ್ತು ಹೆದ್ದಾರಿಯವರು ಬೂದಿಯ ಪ್ರಮಾಣವನ್ನು ಘನ ಮೀಟರಿನಲ್ಲಿ ಬರೆದು, ಎನ್‌ಟಿಪಿಸಿಗೆ ಟೆಂಡರಿಗೆ ಮುನ್ನವೇ ಪತ್ರ ಹಾಕಬೇಕು. ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರ, ಮುಧೋಳ, ಜಮಖಂಡಿ ದಾಟಿ ವಿಜಯಪುರದ ಕಡೆ ಬರುವ ದಾರಿ ಬಬಲೇಶ್ವರದ ನಡುವೆಯೇ ಹಾಯುತ್ತದೆ. ಆ ದಾರಿಯಲ್ಲಿ ತಾಡಪಾಲು ಬಿಗಿಯದ ಕೆಂಪು ಟಿಪ್ಪರ್ ಕಂಡರೆ ಗಾಡಿಯ ನಂಬರ್ ಬರೆದುಕೊಂಡು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವಿಜಯಪುರ ಕಚೇರಿಗೆ ತಿಳಿಸಿ.